ಮುತ್ತಜ್ಜನ ಸಮಾಧಿ ಹುಡುಕಬೇಕು: ಆಳಂದ ಕಡೆ ಬಂದು ಎಲ್ಲಿಂದ ಶುರು ಮಾಡಲಿ?

ಸೊಲ್ಲಾಪುರದವ:
ಆಳಂದ ಕಡೆಯ ಲಿಂಗಾಯತ ಮನೆತನ, ಈಗ ಸೊಲ್ಲಾಪುರದಲ್ಲಿದ್ದೇವೆ. ಮುತ್ತಜ್ಜನವರ ಸಮಾಧಿ ಮೂಲ ಊರಿನ ಹೊಲದಲ್ಲಿದೆ ಅನ್ನೋದಷ್ಟೇ ಗೊತ್ತು. ಹುಡುಕಿ, ಕಾಯಿ ಒಡೆಸಿ ಬರಬೇಕು. ಅಡ್ಡಹೆಸರು ಊರಿನ ಹೆಸರಿಗೆ ‘ಕರ’ ಸೇರಿದ್ದು. ಆದರೆ ಆ ಹೆಸರಿನ ಊರು ಎರಡಿವೆ, ಒಂದಕ್ಕೆ (ಕೆ), ಇನ್ನೊಂದಕ್ಕೆ (ಬಿ). ಅಜ್ಜನ ಹೆಸರಲ್ಲಿ ಉರ್ದುವಿನ ಕಂದಾಯ ರಸೀದಿ ಒಂದಿದೆ, ಇಸವಿ 1339. ಹಿಜರಿ ಲೆಕ್ಕ ಹಾಕಿದರೆ 1920-21 ಬರುತ್ತದೆ, ಆಗ ಅಜ್ಜನಿಗೆ ಹತ್ತೇ ವರ್ಷ. ತಾಳೆ ಆಗುತ್ತಿಲ್ಲ. ರಜೆ ಇರೋದು ನಾಲ್ಕು ದಿನ.

ಹಳೆ ದಫ್ತರ:
ಅದು ಹಿಜರಿ ಅಲ್ಲ, ಫಸಲಿ, ಅಂದರೆ ಕಂದಾಯಕ್ಕೆ ಬಳಸುತ್ತಿದ್ದ ಬೆಳೆ ವರ್ಷ. ನಿಜಾಮರ ಕಾಲದ ಕಂದಾಯವೆಲ್ಲ ಫಸಲಿ ಮೇಲೆಯೇ ನಡೆಯುತ್ತಿತ್ತು. 590 ಕೂಡಿಸಿ: 1929. ವರ್ಷ ಅಕ್ಟೋಬರಿನಿಂದ ಶುರು, ಹಾಗಾಗಿ 1929-30. ರಸೀದಿಯಲ್ಲಿ ತಿಂಗಳ ಹೆಸರು ಆಜೂರ್, ದೈ, ಬಹಮನ್ ಅಂತಿದ್ದರೆ ಫಸಲಿ. ಮೊಹರಂ, ಸಫರ್ ಅಂತಿದ್ದರೆ ಮಾತ್ರ ಹಿಜರಿ. ಅಜ್ಜನಿಗೆ ಆಗ ಹತ್ತೊಂಬತ್ತು ಇಪ್ಪತ್ತು ಆಗಿರುತ್ತದೆ. ಆ ವಯಸ್ಸಿಗೇ ಖಾತೆ ಅವರ ಹೆಸರಿಗೆ ಬಂದಿದ್ದರೆ ಮುತ್ತಜ್ಜ ಅದಕ್ಕೂ ಮುಂಚೆ ತೀರಿಕೊಂಡಿರಬೇಕು. ಆದರೆ ರಸೀದಿಯಲ್ಲಿರೋದು ಖಾತೇದಾರನ ಹೆಸರೋ, ಬರೀ ದುಡ್ಡು ಕಟ್ಟಿ ಬಂದವನ ಹೆಸರೋ, ಅದನ್ನು ಉರ್ದು ಬಲ್ಲವರಿಂದ ಮೊದಲು ಖಾತ್ರಿ ಮಾಡಿಸಿಕೊಳ್ಳಿ. ಖಾತೇದಾರನದೇ ಆಗಿದ್ದರೆ 1339ರ ಹಿಂದಿನ ಕೆಲವು ವರ್ಷಗಳ ವಿರಾಸತ್ (ವಾರಸು) ನಮೂದು ಕೇಳಬಹುದು.

(ಕೆ) ಅಂದರೆ ಖುರ್ದ, ಚಿಕ್ಕದು. (ಬಿ) ಅಂದರೆ ಬುಜುರ್ಗ, ದೊಡ್ಡದು. ರಸೀದಿಯಲ್ಲಿ ಊರಿನ ಹೆಸರಾದ ಮೇಲೆ ಆ ಪದ ಇದ್ದೇ ಇರುತ್ತದೆ ಅಂತಲ್ಲ, ಆದರೂ ನೋಡಿಸಿ. ಇದ್ದರೆ ಒಂದು ದಿನ ಉಳಿಯುತ್ತದೆ.

ಆಮೇಲೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 1954-55ರ ಖಾಸ್ರಾ ಪಹಣಿ (ಸರ್ವೆ ನಂಬರುವಾರು ಹೊಲದ ದಾಖಲೆ) ಕೇಳಿ. ಪಟ್ಟೇದಾರ ಯಾರು, ಆಗ ಸಾಗುವಳಿ ಮಾಡುತ್ತಿದ್ದವರು ಯಾರು, ಎರಡೂ ಅದರಲ್ಲಿ ಬೇರೆ ಬೇರೆ ಬರುತ್ತವೆ. 1947-48ರ ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟವರ ಹೆಸರು ಪಟ್ಟೇದಾರರ ಜಾಗದಲ್ಲಿ ಹಾಗೇ ಉಳಿದಿರಬಹುದು. ಈ ದಫ್ತರ ಸರ್ವೆ ನಂಬರಿನ ಕ್ರಮದಲ್ಲಿರುತ್ತದೆ, ಹೆಸರಿನ ಕ್ರಮದಲ್ಲಲ್ಲ. ನಂಬರ್ ಬರೆಯದೆ ಅರ್ಜಿ ಕೊಟ್ಟರೆ ‘ಸಿಗಲಿಲ್ಲ’ ಅಂತ ವಾಪಸ್ ಬರುತ್ತದೆ, ತಪ್ಪಾಗೋದು ಇಲ್ಲೇ. ರಸೀದಿಯಲ್ಲಿ ನಂಬರ್ ಇಲ್ಲವಾದರೆ ಇಡೀ ಊರಿನ ಪುಸ್ತಕ ಪರಿಶೀಲಿಸಲು ಅನುಮತಿ ಕೇಳಿ, ಅದಕ್ಕೊಂದು ಇಡೀ ದಿನ ಇಟ್ಟುಕೊಳ್ಳಿ. 1974ರ ಭೂಸುಧಾರಣೆಯಲ್ಲಿ ಹೊಲ ಗೇಣಿದಾರರಿಗೆ ಹೋಗಿದ್ದರೆ ಈಗಿನ ಪಹಣಿಯಲ್ಲಿ ನಿಮ್ಮ ಮನೆತನದ ಗುರುತೇ ಇರೋದಿಲ್ಲ. ಅದನ್ನು ನೋಡಿ ಊರು ತಪ್ಪಿತು ಅಂದುಕೊಳ್ಳಬೇಡಿ.

ಬೆಣ್ಣೆತೊರೆ:
ಕಾಗದಕ್ಕಿಂತ ಮೊದಲು ಹೆಳವರನ್ನ, ಅಂದ್ರ ಮನೆತನದ ವಂಶಾವಳಿ ಬರ್ದಿಟ್ಟು ಓದೋರನ್ನ, ಕೇಳ್ರಿ. ರಾಶಿ ಮುಗಿದ ಮ್ಯಾಲ ಎತ್ತು ಹೊಡಕೊಂಡು, ಗಂಟಿ ಬಾರಿಸ್ಕೋತ ಬರ್ತಾರ. ಯಾವ ಊರಿಗಿ ಯಾವ ಹೆಳವರ ಮನಿ ಅಂತ ಹಂಚಿಕಿ ಇರ್ತದ, ಊರ ಹಿರ್ಯಾರಿಗಿ ಅದು ಗೊತ್ತಿರ್ತದ. ಎರಡೂ ಊರಾಗ ವಿಚಾರಿಸ್ರಿ. ಅವರ ಹೊತ್ತಿಗಿ ತೆರಿಬೇಕಂದ್ರ ‘ಕರ’ ಹಚ್ಚಿದ ಹೆಸರು ಉಪಯೋಗಿಲ್ಲ, ಅದು ಊರು ಬಿಟ್ಟ ಮ್ಯಾಲ ಬಂದದ್ದು. ಮನೆತನದ ಹಳೆ ಹೆಸರು, ಬೆಡಗು (ಕುಲದ ಒಳಗುಂಪು), ಮನಿದೇವರು, ಈ ಮೂರು ಹೇಳ್ರಿ. ಅವರು ಓದೋವಾಗ ಕೇಳಿ ಮೊಬೈಲಿನ್ಯಾಗ ರೆಕಾರ್ಡ್ ಮಾಡ್ಕೋರಿ, ಭಾಳ ಜೋರ್ ಓದ್ತಾರ, ಬರ್ಕೊಳಾಕ ಆಗಂಗಿಲ್ಲ. ಕಾಳು, ಬಟ್ಟಿ, ರೊಕ್ಕ ಕೊಡೋದು ಪದ್ಧತಿ, ಕೈ ಬಿಗಿ ಹಿಡಿಬ್ಯಾಡ್ರಿ. ಹೆಣ್ಮಕ್ಕಳ ಹೆಸರು ಅದರಾಗ ಕಡಿಮಿ, ಅದಕ್ಕ ಮನ್ಯಾಗಿನ ಹಿರಿ ಅಜ್ಜಿಗಳನ್ನ ಮೊದಲೇ ಕೇಳಿಟ್ಕೋರಿ.

ಇನ್ನೊಂದು. ಊರಾಗ ಹೋಗಿ ‘ಗದ್ದುಗಿ ಎಲ್ಲದ’ ಅಂದ್ರ ಸೀದಾ ಸ್ವಾಮಿಗಳ ಸಮಾಧಿ ಇರೋ ಮಠಕ್ಕ ಕರ್ಕೊಂಡು ಹೋಗ್ತಾರ. ‘ಹೊಲದಾಗಿನ ಸಮಾಧಿ’ ಅನ್ರಿ.

ಯರಿಹೊಲ:
ಬರೋದಾದ್ರ ಫೆಬ್ರುವರಿ, ಮಾರ್ಚ್ ಮೊದಲ ವಾರ. ಡಿಸೆಂಬರ್ ತನಕ ತೊಗರಿ ಆಳೆತ್ತರ ನಿಂತಿರ್ತದ, ಎರಡು ಫೂಟಿನ ಕಟ್ಟಿ ಕಾಣಂಗಿಲ್ಲ. ಮಳಿಗಾಲದಾಗ ಯರಿ (ಕಪ್ಪು) ಮಣ್ಣು ಕಾಲಿಗಿ ಮೆತ್ತಿ ಹೆಜ್ಜಿ ಎತ್ತಾಕ ಬಿಡಂಗಿಲ್ಲ. ಎಳ್ಳಮಾಸಿ (ಎಳ್ಳಮಾವಾಸ್ಯೆ) ದಿನ ಒಂದೇ ಅಪವಾದ. ಅವತ್ತು ಎಲ್ಲರೂ ಹೊಲದಾಗ ಇರ್ತಾರ, ಚರಗ (ಹೊಲಕ್ಕ ಚೆಲ್ಲೋ ಎಡಿ) ಹಾಕೋವಾಗ ತಮ್ಮ ಹೊಲದಾಗಿನ ಹಳೆ ಸಮಾಧಿಗೂ ಹಾಕ್ತಾರ. ಕೇಳಾಕ ಅದಕ್ಕಿಂತ ಛಲೋ ದಿನ ಇಲ್ಲ.

ಸರ್ವೆ ನಂಬರ್ ಸಿಕ್ಕರ ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರಸ್ತದ) ಹಿಡ್ಕೊಂಡು ಹೋಗ್ರಿ. ಸ್ವಲ್ಪ ಆಚೀಚೆ ತೋರಸ್ತದ, ಗಡಿಕಲ್ಲು ನೋಡಿ ಸರಿ ಮಾಡ್ಕೋರಿ. ಬದುವಿನ ಮ್ಯಾಲ, ಬಾವಿ ಹತ್ರ, ಬೇವಿನ ಗಿಡದ ಬುಡಕ ಮೊದಲು ನೋಡ್ರಿ. ನಮ್ಮಲ್ಲಿ ಕುಂಡ್ರಿಸಿ ಹೂಳ್ತಾರ, ಅದಕ್ಕ ಮ್ಯಾಲಿನ ಕಟ್ಟಿ ಚೌಕಾಗಿರ್ತದ. ಉದ್ದಾಗಿದ್ರ ಅದು ಬ್ಯಾರೆಯವರದು. ಯರಿ ಹೊಲ ಬ್ಯಾಸಿಗ್ಯಾಗ ಬಿರೀತದ, ಮಳ್ಯಾಗ ಉಬ್ಬತದ, ಕಟ್ಟಿ ಒಂದು ಕಡಿ ವಾಲಿದ್ರ ಆಶ್ಚರ್ಯ ಇಲ್ಲ.

ಹೊಲದ ಮಾಲಕರಿಗಿ ಮೊದಲ ಮಾತಿನ್ಯಾಗೇ ಹೇಳ್ರಿ: ಜಮೀನು ಕೇಳಾಕ ಬಂದಿಲ್ಲ, ಪೂಜಾಕ್ಕ ಬಂದೀವಿ. ಪಹಣಿ ಕಾಗದ ಕೈಯಾಗ ಹಿಡ್ಕೊಂಡು ಹೊಲಕ್ಕ ಇಳೀಬ್ಯಾಡ್ರಿ, ಎಲ್ಲರಿಗೂ ಅದೇ ಅಂಜಿಕಿ.

ಕಲ್ಲಿನ ಮ್ಯಾಲ ಅಕ್ಷರ ಇದ್ರ ಜ್ವಾಕಿ. ಅದು ಶಹಾಬಾದ ಪರಸಿ (ಹಾಸುಗಲ್ಲು) ಇದ್ರ, ಅಂದ್ರ ಸುಣ್ಣಕಲ್ಲು. ಲಿಂಬಿಹಣ್ಣು, ಹುಣಸಿಹುಳಿ, ಬಚ್ಚಲ ತೊಳಿಯೋ ಆಸಿಡ್, ಯಾವುದು ಬಿದ್ರೂ ಬುರಬುರ ನೊರಿ ಬರ್ತದ. ಆ ನೊರಿ ಅಂದ್ರ ಅಕ್ಷರದ ಅಂಚೇ ಕರಗೋದು. ಬರೀ ನೀರು, ಮೆತ್ತನ್ನ ಬ್ರಶ್. ಸುಣ್ಣ ಬಳಿದಿದ್ರ ನೀರು ಹಾಕಿ ನೆನಸಿ, ಬಿದಿರಿನ ಚೂರಿನಿಂದ ಕೆರೀರಿ, ಕಬ್ಬಿಣ ಮುಟ್ಟಿಸಬ್ಯಾಡ್ರಿ. ಫೋಟೊ ನಡು ಮಧ್ಯಾಹ್ನ ತೆಗೆದ್ರ ಏನೂ ಓದಾಕ ಬರಂಗಿಲ್ಲ. ಮುಂಜಾನೆ ಏಳರ ಓರೆ ಬಿಸಿಲಿಗಿ ತೆಗೀರಿ, ಇಲ್ಲಂದ್ರ ಸಂಜಿಮುಂದ ಬ್ಯಾಟರಿ ಬೆಳಕು ಕಲ್ಲಿನ ಮಗ್ಗಲಕ್ಕ ಹಿಡೀರಿ.

ಸೊಲ್ಲಾಪುರದವ:
ತಿಂಗಳ ಹೆಸರು ‘ದೈ’ ಅಂತ ಓದಿಸಿದೆ, ಫಸಲಿಯೇ. ಟ್ರ್ಯಾಕ್ಟರ್ ಹೊಡೆದು ಸಮಾಧಿ ಕಿತ್ತಿದ್ದರೆ?

ಯರಿಹೊಲ:
ಕಲ್ಲು ದೂರ ಹೋಗಿರಂಗಿಲ್ಲ. ಬದುವಿನ ರಾಶ್ಯಾಗ, ಬಾವಿ ಮೆಟ್ಟಿಲಿನ್ಯಾಗ, ಅರಿವಿ ಒಗಿಯೋ ಕಲ್ಲಾಗಿ ಬಿದ್ದಿರ್ತಾವ, ತೆಳಗಿನ ಮಗ್ಗಲ ಹೊಳ್ಳಿಸಿ ನೋಡ್ರಿ. ಮತ್ತ ಕಟ್ಟಸೋದಾದ್ರ ಮಾಲಕರು ಹೂಂ ಅಂದ ಮ್ಯಾಲ, ಬದುವಿನ ಮ್ಯಾಲೇ ಕಟ್ಟಸ್ರಿ. ಯರಿ ಮಣ್ಣು ತೆಗೆದು ಎರಡು ಫೂಟು ಮುರುಮು (ಗರಸು ಮಣ್ಣು) ತುಂಬಿ ಬಡಿಸ್ರಿ. ಮಣ್ಣಿನ ಮ್ಯಾಲ ಸೀದಾ ಸಿಮೆಂಟ್ ಹಾಕಿದ್ರ ಎರಡನೇ ಬ್ಯಾಸಿಗಿಗಿ ಬಿರೀತದ.