ಸಹಾಯ ಬೇಕು: ಲೈವ್ ವ್ಯೂನಲ್ಲಿ ಶಾರ್ಪ್, ವ್ಯೂಫೈಂಡರ್‌ನಲ್ಲಿ ಫೋಕಸ್ ಮುಂದಕ್ಕೆ

ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಡಿಎಸ್‌ಎಲ್‌ಆರ್ ಕ್ಯಾಮೆರಾ, 50 ಎಂಎಂ ಎಫ್/1.8 ಲೆನ್ಸ್. ವ್ಯೂಫೈಂಡರ್‌ನಲ್ಲಿ ಕಣ್ಣಿನ ಮೇಲೆ ಫೋಕಸ್ ಪಾಯಿಂಟ್ ಇಟ್ಟು ತೆಗೆದರೂ ಮೂಗಿನ ತುದಿ ಶಾರ್ಪ್, ರೆಪ್ಪೆಗೂದಲು ಮಸುಕು. ಲೈವ್ ವ್ಯೂನಲ್ಲಾದ್ರೆ (ಹಿಂದಿನ ಸ್ಕ್ರೀನ್ ನೋಡಿ ತೆಗೆದಾಗ) ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದು. ಅಲ್ಲಿ ಫೋಕಸ್ ಮಾಡೋದು ಇಮೇಜ್ ಸೆನ್ಸರ್ರೇ, ವ್ಯೂಫೈಂಡರ್‌ನಲ್ಲಿ ಕನ್ನಡಿ ಕೆಳಗಿರೋ ಬೇರೆ ಎಎಫ್ (ಆಟೋಫೋಕಸ್) ಸೆನ್ಸರ್. ಹಾಗಾಗಿ ಕೈ ಅಲುಗಾಟ ಅಲ್ಲ. ಕ್ಯಾಮೆರಾ ಜೊತೆ ಬಂದ ಕಿಟ್ ಲೆನ್ಸಲ್ಲಿ ತೊಂದರೆ ಕಾಣಲ್ಲ (ಎಫ್/5.6ರಲ್ಲಿ ಹಿಂದೆ ಮುಂದೆ ಹೆಚ್ಚು ಭಾಗ ಶಾರ್ಪ್ ಬರೋದ್ರಿಂದ ತೊಂದರೆ ಇದ್ದರೂ ಗೊತ್ತಾಗಲ್ಲ ಬಿಡಿ).

ಪರೀಕ್ಷೆ ಮಾಡಿದ್ದು ಹೀಗೆ: ಟ್ರೈಪಾಡ್, ಮಧ್ಯದ ಪಾಯಿಂಟ್, ಸಿಂಗಲ್ ಎಎಫ್, 45 ಡಿಗ್ರಿ ಓರೆಗೆ ಸ್ಕೇಲು, ಹಗಲು ಬೆಳಕು. ಪ್ರತಿ ಶಾಟ್‌ಗೂ ಮುಂಚೆ ರಿಂಗನ್ನು ಅನಂತಕ್ಕೆ ತಿರುಗಿಸಿ, ಹತ್ತತ್ತು ಸಲ ತೆಗೆದು ನೋಡಿದ್ದಾಯ್ತು. 2.5 ಮೀಟರ್ ದೂರದಲ್ಲಿ ಎಎಫ್ ಫೈನ್ ಟ್ಯೂನ್ (ಫೋಕಸನ್ನು ಹಿಂದೆ ಮುಂದೆ ಸರಿಸೋ ಮೆನು ಸೆಟ್ಟಿಂಗ್) +12 ಇಟ್ಟರೆ ಪಕ್ಕಾ. ಅದೇ +12ರಲ್ಲಿ 1 ಮೀಟರ್‌ಗೆ ಬಂದರೆ ಫೋಕಸ್ ಆ ಓರೆ ಸ್ಕೇಲಿನ ಮೇಲೆ ಹಿಂದಕ್ಕೆ ಹೋಗಿ ಕೂರುತ್ತೆ. ಅಲ್ಲಿಗೆ +5 ಸಾಕು.

ತಲೆಕೆಟ್ಟಿರೋದು ಇಲ್ಲೇ: ಮೆನುವಿನಲ್ಲಿ ಒಂದು ಲೆನ್ಸ್‌ಗೆ ಒಂದೇ ಅಂಕ. ಬಳಕೆ ಹೆಚ್ಚಾಗಿ 1.5ರಿಂದ 2 ಮೀಟರ್ ದೂರದ ಪೋರ್ಟ್ರೇಟ್‌ಗೆ.

ಆ ದೂರದಲ್ಲೇ ಅಳೆದು ಒಂದು ಅಂಕ ಇಟ್ಟುಬಿಟ್ಟರೆ ಸಾಕಾ? ಇಲ್ಲಾ, ದೂರ ಬದಲಾದಾಗ 7 ಅಂಕ ವ್ಯತ್ಯಾಸ ಬರ್ತಿದೆ ಅಂದ್ರೆ ಬಾಡಿ, ಲೆನ್ಸ್ ಎರಡನ್ನೂ ಒಟ್ಟಿಗೆ ಸರ್ವಿಸ್‌ಗೆ ಕೊಟ್ಟು ಕ್ಯಾಲಿಬ್ರೇಟ್ ಮಾಡಿಸಲೇಬೇಕಾ?