ಗೀಯೋ 'ಚಪ್ಪಟೆ'ಯೋ, 'ಮಟ್ಟ'ವೋ, 'ಮೋಟೋ'?

ಗೆಳೆಯರೇ,

ಭೂಗೋಳದ ಅನುವಾದವೊಂದರ ಕರಡು ತಿದ್ದುತ್ತಿದ್ದೇನೆ. ನೆಲದ ಮೇಲಿನ ಮೇಸಾ, ಕಡಲಡಿಯ ಗೀಯೋ, ಎರಡೂ ತಲೆ ಮಟ್ಟವಾಗಿರುವ ಬೆಟ್ಟಗಳು. ಎರಡಕ್ಕೂ ಅದರಲ್ಲಿ 'ಚಪ್ಪಟೆ ಬೆಟ್ಟ' ಎಂದೇ ಹಾಕಿದ್ದಾರೆ. ನನಗೆ ಅಲ್ಲೇ ಕಾಲು ಎಡವಿತು.

ಚಪ್ಪಟೆ ಅಂದರೆ ನನ್ನ ಕಿವಿಗೆ ಒತ್ತಿಸಿಕೊಂಡದ್ದು. ಕಾಲಡಿ ಸಿಕ್ಕ ಡಬ್ಬಿ ಚಪ್ಪಟೆ, ಮೂಗು ಚಪ್ಪಟೆ. ಮಟ್ಟ ಹಾಗಲ್ಲ, ಉಬ್ಬುತಗ್ಗು ತೆಗೆದದ್ದು. ನೆಲ ಮಟ್ಟ ಮಾಡುತ್ತೇವೆ, ಗಾರೆಯವರು ರಸಮಟ್ಟ ಇಟ್ಟು ನೋಡುತ್ತಾರೆ. ಈ ಬೆಟ್ಟಗಳನ್ನು ಯಾರೂ ಮೇಲಿಂದ ಒತ್ತಿಲ್ಲ, ಅಲ್ವಾ?

ಗೀಯೋ ಮೊದಲು ಜ್ವಾಲಾಮುಖಿ. ಸಾಗರತಳದಿಂದ ಎದ್ದು ನೀರಿನ ಮೇಲೆ ದ್ವೀಪವಾಗಿ ತಲೆ ಎತ್ತುತ್ತದೆ. ಬೆಂಕಿ ಆರಿದ ಮೇಲೆ ಅಲೆಗಳು ಬಡಿದು ಬಡಿದು ಆ ತಲೆಯನ್ನು ನೀರಿನ ಮಟ್ಟಕ್ಕೆ ತರುತ್ತವೆ. ಮುಂದೆ ಅದನ್ನು ಹೊತ್ತ ತಳವೇ ತಣ್ಣಗಾಗುತ್ತಾ ಕುಸಿಯುತ್ತದೆ, ಬೆಟ್ಟವೂ ಜೊತೆಗೆ ಇಳಿಯುತ್ತದೆ. ಎಷ್ಟೋ ಗೀಯೋಗಳ ತಲೆ ಈಗ ಒಂದು ಕಿಲೋಮೀಟರಿಗಿಂತ ಆಳದಲ್ಲಿದೆ. ಅಷ್ಟು ಕೆಳಗಿನಿಂದ ಅಲೆಯಲ್ಲಿ ಉರುಳಿ ನುಣುಪಾದ ಕಲ್ಲುಗಳು ಸಿಕ್ಕಿವೆ. ದಡದ ಕಲ್ಲು, ಕತ್ತಲ ನೀರಿನಲ್ಲಿ!

ಮೇಸಾದ ಕಥೆ ತಲೆಕೆಳಗು. ಅಲ್ಲಿ ಮೇಲೆ ಗಟ್ಟಿ ಕಲ್ಲಿನ ಪದರ, ಕೆಳಗೆ ಮೆದು ಕಲ್ಲು. ಮಳೆ, ಹೊಳೆ ಬದಿಗಳನ್ನು ತಿನ್ನುತ್ತವೆ, ಮೇಲಿನ ಟೋಪಿ ಉಳಿಯುತ್ತದೆ. ಅಮೆರಿಕದ ಕೊಲರಾಡೋದ ಗ್ರ್ಯಾಂಡ್ ಮೇಸಾಕ್ಕೆ ಬಸಾಲ್ಟ್ ಕಲ್ಲಿನ ಟೋಪಿ. ಹೀಗೆ ತಿನ್ನಿಸಿಕೊಂಡು ಅಗಲಕ್ಕಿಂತ ಎತ್ತರವೇ ಜಾಸ್ತಿಯಾದರೆ ಅದು ಬ್ಯೂಟ್. ಅಂದರೆ ನೆಲದ ಮೇಲೆ ಸವೆದದ್ದು ಪಕ್ಕೆ, ಕಡಲಲ್ಲಿ ಸವೆದದ್ದು ತಲೆ. ಎರಡಕ್ಕೂ ಒಂದೇ ಪದ ಹಾಕಿದರೆ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ.

'ಪ್ರಸ್ಥ' ಇದೆಯಲ್ಲ ಎನ್ನಬಹುದು. ನಿಜ, ಅಮರಕೋಶ ಪ್ರಸ್ಥ, ಸಾನು ಎರಡನ್ನೂ ಬೆಟ್ಟದ ಮಾತಾಗಿ ಒಟ್ಟಿಗೆ ಕೊಡುತ್ತದೆ. ಆದರೆ ಪ್ರಸ್ಥಭೂಮಿ ಎಂದರೆ ಈಗ ನಮಗೆ ಟಿಬೆಟ್, ದಖ್ಖನ್‌ನಂಥ ಅಗಲ ನೆಲವೇ ಕಣ್ಣಮುಂದೆ ಬರುವುದು. ಒಂಟಿ ಗುಡ್ಡಕ್ಕೆ ಅದು ದೊಡ್ಡ ಅಂಗಿ.

ಮೇಸಾಕ್ಕೆ 'ಮೇಜುಗುಡ್ಡ' ಚೆನ್ನ. ಸ್ಪ್ಯಾನಿಷ್‌ನಲ್ಲಿ ಮೇಸಾ ಅಂದರೆ ಮೇಜೇ. ಪೋರ್ಚುಗೀಸರಿಗೂ ಅದೇ ಪದ. ನಮ್ಮ 'ಮೇಜು' ಅವರಿಂದ ಬಂತೋ ಪಾರ್ಸಿಯಿಂದಲೋ ಎಂದು ಬಲ್ಲವರು ಇನ್ನೂ ಜಗಳವಾಡುತ್ತಾರೆ.

ಗೀಯೋ ಎನ್ನುವುದಕ್ಕೆ ಸ್ವಂತ ಅರ್ಥವಿಲ್ಲ. ಅಮೆರಿಕದ ಭೂವಿಜ್ಞಾನಿ ಹ್ಯಾರಿ ಹೆಸ್ ಎರಡನೇ ಮಹಾಯುದ್ಧದಲ್ಲಿ ಹಡಗಿನ ಪ್ರತಿಧ್ವನಿ ಯಂತ್ರವನ್ನು ಸುಮ್ನೆ ಬಿಡದೆ ಶಾಂತಸಾಗರದ ಆಳ ಅಳೆಯುತ್ತಾ ಹೋದರು. ಆಗ ಕಂಡ ಈ ಬೆಟ್ಟಗಳಿಗೆ 1946ರಲ್ಲಿ ಹೆಸ್ ಅವರೇ ಭೂಗೋಳಜ್ಞ ಆರ್ನಲ್ಡ್ ಗೀಯೋ ಅವರ ಹೆಸರನ್ನು ಇಟ್ಟರು. ಫ್ರೆಂಚ್ ಹೆಸರು, ಕೊನೆಯ 'ಟ' ಬಾಯಿಗೆ ಬರುವುದಿಲ್ಲ. ಕರಡಿನಲ್ಲಿದ್ದ 'ಗಯೊಟ್' ಅನ್ನು ಆಗಲೇ ಹೊಡೆದುಹಾಕಿದೆ.

ನನ್ನ ಮನಸ್ಸು 'ಮೋಟುಬೆಟ್ಟ'ದ ಕಡೆ ವಾಲುತ್ತಿದೆ. ತಲೆ ಕಡಿದ ಮರ ಮೋಟುಮರ, ತಲೆ ಸವೆದ ಬೆಟ್ಟ ಮೋಟುಬೆಟ್ಟ. ಒಂದೇ ಅಳುಕು: ಮೋಟು ಎಂದರೆ ಗಿಡ್ಡ ಎಂದೂ ಕೇಳಿಸುತ್ತದೆ. ಇವು ತಳದಿಂದ 900 ಮೀಟರಿಗೂ ಮೇಲೆ ಎದ್ದವು. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? 'ಮಟ್ಟತಲೆ ಬೆಟ್ಟ'ವೇ ವಾಸಿಯಾ?