ಕಾರು ಚಾರ್ಜಿಗಿಟ್ಟರೆ 16 ಆಂಪ್ಸ್ ಎಂಸಿಬಿ ಬೀಳ್ತದೆ, 25 ಹಾಕಬಹುದಾ?

ಪ್ರಶ್ನೆ (ಸುರತ್ಕಲ್): ನಮಸ್ಕಾರ. ಕಾರಿನ 3.3 ಕಿಲೋವ್ಯಾಟ್ ಚಾರ್ಜರನ್ನು ಶೆಡ್ಡಿನ 16 ಆಂಪ್ಸ್ ಪ್ಲಗ್ಗಿಗೆ ಹಾಕ್ತೇವೆ. ವಯರು 2.5 ಸ್ಕ್ವೇರ್ ಎಂಎಂ ತಾಮ್ರ, ಎಂಸಿಬಿ (ಲೋಡ್ ಹೆಚ್ಚಾದರೆ ತಾನಾಗಿ ಬೀಳುವ ಸ್ವಿಚ್ಚು) ಸಿ16, ಅಂದರೆ 16 ಆಂಪ್ಸಿನದ್ದು. ಒಂದೂವರೆ ಗಂಟೆ ಆದ ಮೇಲೆ ಬೀಳ್ತದೆ, ಸಂಜೆ ಹೊತ್ತು ಜಾಸ್ತಿ. ಡಿಬಿಯಲ್ಲಿ (ಎಂಸಿಬಿಗಳ ಪೆಟ್ಟಿಗೆಯಲ್ಲಿ) ಪಕ್ಕದ್ದೇ ಗೀಸರಿನ ಎಂಸಿಬಿ. ವಯರಿಂಗಿನವರು 25 ಹಾಕುವ ಅಂತಾರೆ.

ಉತ್ತರ: ಬೇಡ ಮಾರಾಯ್ರೇ. ಎಂಸಿಬಿ ಕಾಯುವುದು ವಯರನ್ನು. 2.5ರ ವಯರು ಪೈಪಿನೊಳಗೆ 30 ಡಿಗ್ರಿಯಲ್ಲಿ ಸುಮಾರು 24 ಆಂಪ್ಸ್ ತಾಳ್ತದೆ, 40 ಡಿಗ್ರಿಗೆ 21. ಅದೇ ಪೈಪಿನಲ್ಲಿ ಇನ್ನೊಂದು ಲೈನ್ ಉಂಟಾದರೆ 17ರ ಹತ್ತಿರ. 25ರ ಎಂಸಿಬಿಯಾದರೋ 1.13 ಪಟ್ಟು, ಅಂದರೆ 28 ಆಂಪ್ಸ್ ಹರಿದರೂ ಒಂದು ಗಂಟೆ ಬೀಳಬಾರದು ಅಂತಲೇ ಸ್ಟ್ಯಾಂಡರ್ಡ್. 1.45 ಪಟ್ಟಿಗೆ, 36 ಆಂಪ್ಸಿಗೆ, ಗಂಟೆಯೊಳಗೆ ಬಿದ್ದರೆ ಸಾಕು. ಅಷ್ಟರಲ್ಲಿ ವಯರಿನ ಪಿವಿಸಿ ಮೆತ್ತಗಾಗಿರ್ತದೆ.

ಸ್ವಿಚ್ ಹಾಕಿದ ಕೂಡಲೇ ಬಿದ್ದರೆ ಶಾರ್ಟ್ ಹುಡುಕಬೇಕು. ತಡವಾಗಿ ಬೀಳುವುದು ಬಿಸಿಯಿಂದ. 3300ನ್ನು 230ರಿಂದ ಭಾಗಿಸಿದರೆ 14.3 ಆಂಪ್ಸ್. ಸಂಜೆ ವೋಲ್ಟೇಜ್ 210ಕ್ಕೆ ಇಳಿದರೆ ಚಾರ್ಜರ್ ಅಷ್ಟೇ ಪವರ್ ಎಳೆಯಲು ಹೋಗಿ 15.7 ಆಗ್ತದೆ. (ಗೀಸರಿನಲ್ಲಿ ಉಲ್ಟಾ, ವೋಲ್ಟೇಜ್ ಇಳಿದರೆ ಆಂಪ್ಸೂ ಇಳೀತದೆ.) ಎಂಸಿಬಿ ಮೇಲಿನ 16 ಲೆಕ್ಕ ಹಾಕಿರುವುದು 30 ಡಿಗ್ರಿಗೆ. ಏಪ್ರಿಲ್ ಸೆಕೆಗೆ ಮುಚ್ಚಿದ ಡಿಬಿಯಲ್ಲಿ, ಪಕ್ಕದ ಗೀಸರಿನ ಎಂಸಿಬಿಯೂ ಬಿಸಿಯಾಗಿದ್ದರೆ, ನಿಮ್ಮ 16ರದ್ದು 13-14ರದ್ದರ ಹಾಗೆ ವರ್ತಿಸ್ತದೆ.

ಮೊದಲು ಎಂಸಿಬಿಗೆ ವಯರು ಕೂರಿಸಿದ ಸ್ಕ್ರೂ ನೋಡಿಸಿ. ಮೈನ್ ಆಫ್ ಮಾಡಿದರೂ ಆ ಮೈನಿಗೆ ಬರುವ ವಯರಿನಲ್ಲಿ ಕರೆಂಟ್ ಇದ್ದೇ ಇರ್ತದೆ, ಜಾಗ್ರತೆ. ಕಡಲ ಬದಿಯ ಉಪ್ಪು ಗಾಳಿಗೆ ತಾಮ್ರದ ಮೇಲೆ ಹಸಿರು ಕಿಲುಬು ಕೂತು ಸ್ಕ್ರೂ ಸಡಿಲವಾದರೆ ಆ ಬಿಸಿ ನೇರ ಎಂಸಿಬಿಯ ಒಳಗಿನ, ಬಿಸಿಗೆ ಬಾಗಿ ಅದನ್ನು ಬೀಳಿಸುವ ಪಟ್ಟಿಗೆ ಹೋಗ್ತದೆ. ಕಪ್ಪಾದ ತುದಿ ಕತ್ತರಿಸಿ, 10-12 ಎಂಎಂ ಸುಲಿದು, ಪಿವಿಸಿ ಸ್ಕ್ರೂ ಅಡಿಗೆ ಸಿಗದ ಹಾಗೆ ಬಿಗಿ ಮಾಡಬೇಕು.

ಪ್ರಶ್ನೆ (ಉಡುಪಿ): ಎಂಸಿಬಿಯ ಆಂಪ್ಸಿನ 80 ಪರ್ಸೆಂಟ್ ಮಾತ್ರ ಎಳೆಯಬೇಕು ಅನ್ನುವ ಲೆಕ್ಕ ನಮ್ಮಲ್ಲಿಯೂ ಉಂಟಾ ಸರ್?

ಉತ್ತರ: ಅದು ಅಮೆರಿಕದ ನಿಯಮ: ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಎಳೆಯುವ ಲೋಡಿನ 125 ಪರ್ಸೆಂಟಿಗೆ ಬ್ರೇಕರ್. ನಮ್ಮ ಎಂಸಿಬಿಗೆ ಆ ನಿಯಮ ಇಲ್ಲ, ಆದರೆ ನಮ್ಮ ಸೆಕೆಗೆ ಆ ಲೆಕ್ಕವೇ ಒಳ್ಳೇದು: 16ರಲ್ಲಿ 12.8. ಗೀಸರ್ 13 ಆಂಪ್ಸ್ ಎಳೆದರೂ ನೀರು ಕಾದ ಕೂಡಲೇ ಥರ್ಮೋಸ್ಟಾಟ್ ಕಡಿಯುವುದರಿಂದ ಬಚಾವ್. ಕಾರು ರಾತ್ರಿಯಿಡೀ ಎಳೀತದೆ.

ಪ್ರಶ್ನೆ (ಸುರತ್ಕಲ್): ಹಾಗಾದ್ರೆ ಏನು ಹಾಕಿಸಬೇಕು?

ಉತ್ತರ: ಡಿಬಿಯಿಂದ ಶೆಡ್ಡಿಗೇ ಬೇರೆ 4 ಸ್ಕ್ವೇರ್ ಎಂಎಂ ಲೈನ್, ಬೇರೆ ಪೈಪಿನಲ್ಲಿ. ಸಿ20 ಎಂಸಿಬಿ, ಗೀಸರಿನದ್ದರಿಂದ ದೂರ. ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪ್ಸಿನ ಟೈಪ್ ಎ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್. ಮನೆಯ ಸಾದಾ ಪ್ಲಗ್ ಬದಲು ಇಂಡಸ್ಟ್ರಿಯಲ್ ಸಾಕೆಟ್ ಹಾಕಿ, ಚಾರ್ಜರಿನ ಪಿನ್ ಅದಕ್ಕೆ ಸರಿ ಹೊಂದಬೇಕು. ಅಲ್ಲಿಯವರೆಗೆ ಕಾರಿನಲ್ಲಿ ಆಂಪ್ಸ್ ಇಳಿಸುವ ಸೆಟ್ಟಿಂಗ್ ಇದ್ದರೆ 10ಕ್ಕೆ ಇಡಿ. ಎಂಟು ಗಂಟೆಯ ಚಾರ್ಜಿಗೆ ಹನ್ನೊಂದೂವರೆ ಹಿಡೀತದೆ, ಅಷ್ಟೇ.